ಮೇಜರಪ್ಪನ ಎರಡನೆಯ ಹಾಳೆ

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅಜ್ಜಿ. ಬಚ್ಚಲ ಹಂಡೆಯ ಒಲೆಗೆ ಎರಡು ಬೊಗಸೆ ಭತ್ತದ ಹೊಟ್ಟು ಸುರಿದು, ಅದು ಹತ್ತಿಕೊಳ್ಳುವವರೆಗೆ ಊದುಕೊಳವೆ ಹಿಡಿದು ಕೂರುತ್ತಿದ್ದಳು. ಹಿತ್ತಲ ಗೋಡೆಯಾಚೆಯ ಖುರ್ಷಿದಮ್ಮನವರದು ಮಂಡಕ್ಕಿ ಭಟ್ಟಿ. ಹೊಟ್ಟು ಅವರ ಕಡೆಯಿಂದ ಚೀಲದಲ್ಲಿ ಬರುತ್ತಿತ್ತು, ನಮ್ಮ ನಿಂಬೆಗಿಡದ ಕಾಯಿ ಅವರ ಕಡೆಗೆ ಹೋಗುತ್ತಿತ್ತು. ಆ ದಿನವೂ ಹೊಟ್ಟಿನ ಹೊಗೆಯ ವಾಸನೆಗೇ ನನಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಅಮ್ಮ ರೊಟ್ಟಿ ಬಡಿಯುತ್ತಿದ್ದಳು. ಅಪ್ಪಾಜಿ ನಡುಮನೆಯ ಗೂಡಿನ ಕನ್ನಡಿಯ ಮುಂದೆ ನಿಂತು ಒಂದೇ ಕೆನ್ನೆಗೆ ಸೋಪು ಹಚ್ಚಿಕೊಂಡಿದ್ದರು. ಎರಡಕ್ಕೂ ಒಟ್ಟಿಗೆ ಹಚ್ಚಿದರೆ ಇನ್ನೊಂದು ಒಣಗಿಹೋಗುತ್ತದೆ ಎನ್ನುತ್ತಿದ್ದರು. ಅವರು ಹರಿಹರದ ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಿದ್ದರು. ಕಾರ್ಖಾನೆಯ ಬಸ್ಸು ದಾವಣಗೆರೆಯಲ್ಲಿ ಯಾರಿಗೂ ಕಾಯುತ್ತಿರಲಿಲ್ಲವಾದ್ದರಿಂದ ನಮ್ಮ ಮನೆಯ ಬೆಳಗೆಲ್ಲ ಅದರ ಹಾರ್ನಿನ ಸುತ್ತಲೇ ನಡೆಯುತ್ತಿತ್ತು. ಅಂದು ಯಾವುದೋ ಸಂತರ ಹಬ್ಬವೆಂದು ನಮ್ಮ ಕಾನ್ವೆಂಟಿಗೆ ಮಾತ್ರ ರಜೆ. ಊರಿಗೆಲ್ಲ ಶಾಲೆ ಇರುವಾಗ ನನಗೊಬ್ಬಳಿಗೆ ರಜೆ ಸಿಗುವುದು ನನಗೆ ಯಾವಾಗಲೂ ಸ್ವಲ್ಪ ಮುಜುಗರದ ಸಂಗತಿ.

ಬೆಳಗಿನ ಹೊತ್ತು ನನ್ನ ಕೆಲಸ ಮೇಜರಪ್ಪನ ಮುಖ ಒರೆಸುವುದು. ಮೇಜರಪ್ಪ ನಮ್ಮ ಬುಲ್‌ಡಾಗ್ ಮರಿ. ಆಗ ಅವನಿಗೆ ಆರು ತಿಂಗಳು. ಅಪ್ಪಾಜಿಯ ಹಳೆಯ ಪಂಚೆಯ ಚೂರನ್ನು ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿ, ಹಿಂಡಿ, ಬೆರಳಿಗೆ ಸುತ್ತಿಕೊಂಡು ಅವನ ಮೂಗಿನ ಮೇಲಿನ ಮಡಿಕೆಯೊಳಗೆ ಆಡಿಸಬೇಕು. ಬೆರಳು ಮೊದಲ ಗೆಣ್ಣಿನವರೆಗೂ ಒಳಗೆ ಹೋಗುತ್ತಿತ್ತು. ಆಮೇಲೆ ಕಣ್ಣ ಕೆಳಗಿನ ಮಡಿಕೆ, ಬಾಯಿಯ ಎರಡೂ ಪಕ್ಕದ ಜೋಲು. ಕೊನೆಗೆ ಒಣಬಟ್ಟೆ. ಅಷ್ಟು ಹೊತ್ತೂ ಅವನು ಕ್ಷೌರಕ್ಕೆ ಕೂತ ಗಂಡಸಿನಂತೆ ಕಣ್ಣು ಮುಚ್ಚಿ ಕೂರುತ್ತಿದ್ದ. ಅವನ ಊಟ ಜೋಳದ ಅಂಬಲಿ. ರಾತ್ರಿ ಕಲಸಿಟ್ಟ ಹಿಟ್ಟನ್ನು ಬೆಳಗ್ಗೆ ಹಾಲಿನಲ್ಲಿ ಕುದಿಸಿ, ನನ್ನ ಕಿರುಬೆರಳು ತಡೆಯುವಷ್ಟು ಆರಿಸಿ, ಅಂಚಿಲ್ಲದ ಅಲ್ಯೂಮಿನಿಯಂ ತಟ್ಟೆಗೆ ಹಾಕಬೇಕಿತ್ತು. ಆಳವಾದ ಬಟ್ಟಲಾದರೆ ಊಟ ಬಾಯಿಗೆ ಹೋಗುವ ಮೊದಲು ಚಪ್ಪಟೆ ಮೂಗಿಗೆ ಹೋಗಿ, ಅವನು ಸೀನಿ, ಅರ್ಧ ಅಂಬಲಿ ನನ್ನ ಫ್ರಾಕಿನ ಮೇಲಿರುತ್ತಿತ್ತು.

ಅವನು ನಮ್ಮ ಮನೆಗೆ ಬಂದದ್ದು ದೀಪಾವಳಿಯ ನಂತರ, ಮೋಸಂಬಿಯ ಬುಟ್ಟಿಯಲ್ಲಿ. ಕಾರ್ಖಾನೆಯ ದೊಡ್ಡ ಸಾಹೇಬರೊಬ್ಬರ ಹಳೆಯ ಮೋಟಾರ್ ಸೈಕಲ್ಲಿಗೆ ಎಲ್ಲೂ ಸಿಗದ, ಬುಷ್ ಎಂಬ ಉಂಗುರದಂಥ ಒಂದು ಭಾಗವನ್ನು ಅಪ್ಪಾಜಿ ತಮ್ಮ ಲೇತಿನಲ್ಲಿ ಕಡೆದು ಕೊಟ್ಟಿದ್ದರು. ಸಾಹೇಬರಿಗೆ ಉತ್ತರದ ಕಡೆ ವರ್ಗವಾದಾಗ ತಮ್ಮ ನಾಯಿಯ ಮರಿಗಳಲ್ಲಿ ಒಂದನ್ನು ಅಪ್ಪಾಜಿಗೆ ಕೊಟ್ಟರು. ಮೇಜರ್ ಎಂದು ಹೆಸರಿಟ್ಟವರೂ ಅವರೇ. ಅಜ್ಜಿ ಮಾಯಕೊಂಡದವಳು, ಅವಳ ಬಾಯಲ್ಲಿ ಯಾವ ಗಂಡು ಹೆಸರೂ ಅಪ್ಪ ಸೇರದೆ ಪೂರ್ತಿಯಾಗುತ್ತಿರಲಿಲ್ಲ. ಬುಟ್ಟಿಯ ಬಟ್ಟೆ ಸರಿಸಿ ನೋಡಿದವಳೇ ಮರಿಯ ಮೂಗನ್ನು ಯಾರೋ ಗುದ್ದಿ ಒಳಗೆ ಹಾಕಿದ್ದಾರೆಂದು ಮರುಗಿದಳು. ಮುಂಗಾಲು ಸೊಟ್ಟಗಿರುವುದನ್ನು ಕಂಡು, ಎಣ್ಣೆ ನೀವಿದರೆ ನೆಟ್ಟಗಾಗುತ್ತದೆ ಎಂದಳು. ಆಮೇಲೆ ಸೆರಗು ಸರಿಮಾಡಿಕೊಂಡು ಮಗನಿಗೆ ಒಂದು ಮಾತು ಹೇಳಿದಳು.

"ಸಾಕಾಕೆ ನಂದೇನೂ ಅಡ್ಡಿ ಇಲ್ಲಪ್ಪ. ಆದ್ರೆ ಮಾಂಸ ಗೀಂಸ ಅಂತ ನಮ್ಮ ಹೊಸ್ತಿಲು ದಾಟಿ ಒಳಗೆ ಬರಬಾರದು."

"ಹಂಗೇನಾರ ಇದ್ರೆ ಗುತ್ತೂರಿನ ಫಿಟ್ಟರ್ ಆಗ್ಲೇ ಕೇಳ್ಯಾನೆ. ಅವನಿಗೇ ಕೊಟ್ಟು ಬಿಡ್ತೀನಿ," ಎಂದರು ಅಪ್ಪಾಜಿ.

ನಾವು ಲಿಂಗವಂತರು. ಅಜ್ಜಿ ಪೂಜೆಯಾಗದೆ ನೀರು ಮುಟ್ಟದವಳು. ಆದ್ದರಿಂದ ಆ ಎರಡು ಮಾತು ಆಡಿದ ಮೇಲೆ ಅಲ್ಲಿ ಚರ್ಚೆಗೆ ಏನೂ ಉಳಿದಿರಲಿಲ್ಲ. ಬುಟ್ಟಿಯ ತಳದಲ್ಲಿ ಸಾಹೇಬರು ಟೈಪ್ ಮಾಡಿಸಿ ಕೊಟ್ಟ ಎರಡು ಹಾಳೆಗಳಿದ್ದವು, ಮೂಲೆಗೆ ಗುಂಡುಸೂಜಿ ಚುಚ್ಚಿದ್ದವು. ಅಪ್ಪಾಜಿಗೆ ಇಂಗ್ಲಿಷಿನಲ್ಲಿ ಅಳತೆ, ಅಂಕಿ ಮತ್ತು ತಮ್ಮ ಸಹಿ ಗೊತ್ತಿತ್ತು, ಅಷ್ಟೇ. ಹಾಳೆಗಳನ್ನು ನನ್ನ ಕೈಗೆ ಕೊಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು.

"ಓದವ್ವ ಗೌರಿ. ನಿನ್ನ ಕಾನ್ವೆಂಟಿಗೆ ಹಾಕಿದ್ದು ಇದಕ್ಕೇ."

ಮನೆಯಲ್ಲಿ ನನ್ನ ಇಂಗ್ಲಿಷ್ ಯಾರಿಗಾದರೂ ಬೇಕಾದದ್ದು ಅದೇ ಮೊದಲು. ನಾನು ಎದ್ದು ನಿಂತು, ಶಾಲೆಯಲ್ಲಿ ಸಿಸ್ಟರ್ ಮುಂದೆ ಓದುವಂತೆ ಮೊದಲ ಹಾಳೆಯನ್ನು ಓದಿ ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದೆ: ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಡಬೇಕು, ಹಾಲು, ಗಂಜಿ, ತಟ್ಟೆ ಚಪ್ಪಟೆ ಇರಬೇಕು, ಮುಖದ ಮಡಿಕೆಗಳನ್ನು ದಿನವೂ ಒರೆಸಬೇಕು, ಒದ್ದೆ ಉಳಿಯಬಾರದು. ಅಜ್ಜಿ ಪ್ರತಿ ಸಾಲಿಗೂ ತಲೆಯಾಡಿಸಿದಳು; ಕೂಸಿಗೂ ಅದೇ ಅಲ್ಲವೇ ಎಂದಳು. ಮರಿ ನನ್ನ ಪಾದದ ಮೇಲೆ ಗದ್ದ ಊರಿ ಮಲಗಿತ್ತು. ನಾನು ಹಾಳೆ ತಿರುಗಿಸಿದೆ. ಎರಡನೆಯದರ ಮೊದಲ ಸಾಲಿನಲ್ಲೇ ಮೂರನೆಯ ತಿಂಗಳಿನಿಂದ ಸಣ್ಣಗೆ ಕೊಚ್ಚಿದ ಕುರಿಮಾಂಸ ಎಂದಿತ್ತು. ಅದರ ಕೆಳಗೆ ಮೊಟ್ಟೆ. ನನಗೆ ಆ ಹೊತ್ತಿಗೆ ಗುತ್ತೂರು ಕಣ್ಣೆದುರು ಬಂತು. ಹಾಳೆಯನ್ನು ಮೊದಲಿನಂತೆ ಮಡಿಸಿದೆ.

"ಇನ್ನೊಂದ್ರಾಗೆ ಏನೈತೆ?" ಎಂದಳು ಅಜ್ಜಿ.

"ಅವರಪ್ಪ, ಅವರಜ್ಜನ ಹೆಸರು ಬರದಾರೆ. ಅಷ್ಟೇ."

ನಾಯಿಗೂ ವಂಶಾವಳಿ ಬರೆಯುತ್ತಾರೆಯೇ ಎಂದು ಅಮ್ಮ ನಕ್ಕಳು, ಅಪ್ಪಾಜಿ ನಕ್ಕರು. ಅಜ್ಜಿ ನಗಲಿಲ್ಲ, ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಮರಿಗೆ ಹಾಲು ಕಾಸಲು ಎದ್ದಳು. ಮರುದಿನ ಹಿತ್ತಲಲ್ಲಿ ಒಬ್ಬಳೇ ಕೂತು, ಡಿಕ್ಷನರಿ ತೊಡೆಯ ಮೇಲಿಟ್ಟುಕೊಂಡು ಆ ಹಾಳೆಯನ್ನು ಪೂರ್ತಿ ಓದಿದೆ. ಮಾಂಸ, ಮೊಟ್ಟೆ, ಎಲುಬಿನ ಸಾರು. ಕೊನೆಯ ಪ್ಯಾರಾದಲ್ಲಿ ಬೇರೆಯದೇ ಸಂಗತಿ ಇತ್ತು. ಈ ಜಾತಿಯ ನಾಯಿಗೆ ಶೆಕೆ ತಡೆಯುವುದಿಲ್ಲ. ಬಿಸಿನೀರು, ಹೊಗೆ, ಬಿಸಿಲಿನ ಓಟ ಯಾವುದೂ ಕೂಡದು. ಮೈ ಕಾದು ಉಸಿರು ಕಟ್ಟಿದರೆ ಹೊಟ್ಟೆಗೆ, ತೊಡೆಯ ಸಂದಿಗೆ ತಣ್ಣೀರು ಹಾಕಿ ಗಾಳಿ ಬೀಸಬೇಕು, ತಡಮಾಡಿದರೆ ಸಾಯುತ್ತದೆ. ಇದನ್ನಷ್ಟೇ ಬೇರೆ ಮಾಡಿ ಹೇಳಬಹುದಿತ್ತು ಎಂದು ಇಂದು ಅನಿಸುತ್ತದೆ. ಹತ್ತು ವರ್ಷದ ನನಗೆ, ಅಜ್ಜನ ಹೆಸರು ಮಾತ್ರ ಇರುವ ಹಾಳೆಯಿಂದ ಬಿಸಿನೀರಿನ ಮಾತು ಹೇಗೆ ತೆಗೆಯುವುದೆಂದು ಹೊಳೆಯಲಿಲ್ಲ. ಹಾಳೆಯನ್ನು ಮಾರಲ್ ಸೈನ್ಸ್ ಪುಸ್ತಕದ ರಟ್ಟಿನೊಳಗೆ ಸೇರಿಸಿದೆ. ಆ ಪುಸ್ತಕವನ್ನು ಮನೆಯಲ್ಲಿ ಬೇರೆ ಯಾರೂ ತೆರೆಯುತ್ತಿರಲಿಲ್ಲ. ನಮ್ಮ ಕ್ಲಾಸಿನ ಕ್ಯಾಥೊಲಿಕ್ ಹುಡುಗಿಯರಿಗೆ ತಪ್ಪು ಹೇಳಿಕೊಳ್ಳಲು ಕಪಾಟಿನಂಥ ಒಂದು ಜಾಗವಿತ್ತು. ಒಳಗೆ ಹೋಗಿ ಮೊಣಕಾಲೂರಿ ಹೇಳಿ, ಹಗುರಾಗಿ ಹೊರಗೆ ಬರುತ್ತಿದ್ದರು. ನಮ್ಮಂಥವರಿಗೆ ಅದು ಇರಲಿಲ್ಲ. ಈಗ ನನ್ನ ಸಂಸಾರದಲ್ಲಿ ಮಾತ್ರೆಯ ಡಬ್ಬಿಯೊಳಗಿನ ಚೀಟಿಯಾಗಲಿ, ಕುಕ್ಕರಿನ ಜೊತೆ ಬಂದ ಕಾಗದವಾಗಲಿ, ಕೊನೆಯ ಸಾಲಿನವರೆಗೆ ಎಲ್ಲರಿಗೂ ಕೇಳುವಂತೆ ನಾನು ಓದುತ್ತೇನೆ. ಮನೆಯವರು ಅದನ್ನು ನನ್ನ ಒಂದು ಚಾಳಿ ಎಂದುಕೊಂಡಿದ್ದಾರೆ.

ಸಂಕ್ರಾಂತಿಯ ಹೊತ್ತಿಗೆ ಮರಿ ಸೊರಗಿತು. ಕೂದಲು ಮಂಕಾಯಿತು, ಪಕ್ಕೆಲುಬು ಕಂಡವು, ಗೋಡೆಯ ಸುಣ್ಣವನ್ನು ನೆಕ್ಕತೊಡಗಿತು. ಮಾಯಕೊಂಡದ ಹೊಲದ ನಾಯಿಗಳು ರೊಟ್ಟಿಯ ಚೂರು ತಿಂದೇ ತೋಳದಂತಿದ್ದವು, ಇದಕ್ಕೇನಾಯಿತು ಎಂದು ಅಜ್ಜಿ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ನಾನು ಶಾಲೆಯ ಚಾಪೆಲ್ಲಿನಲ್ಲಿ ಒಂದು ಸಲ, ಮನೆಯ ದೇವರ ಗೂಡಿನ ಮುಂದೆ ಒಂದು ಸಲ ಬೇಡಿಕೊಳ್ಳುತ್ತಿದ್ದೆ. ಹದಿನೈದು ಇಪ್ಪತ್ತು ದಿನಗಳಲ್ಲಿ ಮರಿ ತಾನಾಗಿಯೇ ಚೇತರಿಸಿಕೊಂಡಿತು. ಕತ್ತು ದಪ್ಪವಾಯಿತು, ಎದೆ ಅಗಲವಾಯಿತು, ಚರ್ಮಕ್ಕೆ ಎಣ್ಣೆ ಹಚ್ಚಿದಂಥ ಹೊಳಪು ಬಂತು. ಯಾವ ದೇವರಿಗೆ ಕೃತಜ್ಞತೆ ಹೇಳಬೇಕೆಂದು ತಿಳಿಯದೆ ಇಬ್ಬರಿಗೂ ಹೇಳಿದೆ. ಬರೀ ಜೋಳದ ಅಂಬಲಿಯಲ್ಲಿ ಬುಲ್‌ಡಾಗ್ ಬೆಳೆಸಿದ್ದೇನೆಂದು ಅಪ್ಪಾಜಿ ಹರಿಹರದಲ್ಲಿ ಹೇಳಿಕೊಂಡು ತಿರುಗಿದರು. ಗುತ್ತೂರಿನ ಫಿಟ್ಟರ್ ನಂಬಲಿಲ್ಲವೆಂದು ಸಂಜೆ ಬಂದು ಸಂತೋಷದಿಂದ ವರದಿ ಮಾಡುತ್ತಿದ್ದರು. ಮಧ್ಯಾಹ್ನ ಅಮ್ಮ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನಿಗೆ ಕೂತರೆ ಹಿತ್ತಲೂ ಮರಿಯೂ ಅಜ್ಜಿಯ ಪಾಲಿಗೆ. ನಾನು ನಾಲ್ಕೂವರೆಗೆ ಶಾಲೆಯಿಂದ ಬಂದಾಗ ಅವನ ಗದ್ದ ಯಾವಾಗಲೂ ಆಗತಾನೆ ತೊಳೆದಂತೆ ಒದ್ದೆಯಾಗಿರುತ್ತಿತ್ತು. ಒದ್ದೆ ಉಳಿಯಬಾರದೆಂದು ಬರೆದಿದೆಯಲ್ಲ ಎಂದು ನಾನು ಗೊಣಗಿಕೊಂಡು ಒರೆಸುತ್ತಿದ್ದೆ. ಸಂಜೆಯ ತಟ್ಟೆಯಲ್ಲಿ ಅರ್ಧ ಬಿಡುತ್ತಿದ್ದ. ಭಾನುವಾರ ಮಾತ್ರ, ಎಲ್ಲರೂ ಮನೆಯಲ್ಲಿರುವ ದಿನ, ತಟ್ಟೆ ನೆಕ್ಕಿ ಮುಗಿಸಿ ಹಿತ್ತಲ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದ. ಅವನಿಗೆ ನಮ್ಮ ಜೊತೆಯೇ ಇಷ್ಟ, ಆದ್ದರಿಂದ ಆ ದಿನ ಹಸಿವು ಹೆಚ್ಚು ಎಂದು ನಾನು ತೀರ್ಮಾನಿಸಿದ್ದೆ.

ಅಜ್ಜಿಗೆ ಇದ್ದ ಒಂದೇ ಚಿಂತೆ ಅವನ ಗೊರಕೆ. ಮಲಗಿದರೆ ಗೊರಕೆ, ಕೂತರೆ ಗೊರಗೊರ, ತಿನ್ನುವಾಗಲೂ ಒಂದು ಸದ್ದು. ಅದು ಎದೆಯಲ್ಲಿ ಕಟ್ಟಿದ ಕಫವೆಂದು ಅವಳು ನಿರ್ಧರಿಸಿದ್ದಳು. ಕಾನ್ವೆಂಟಿಗೆ ರಜೆಯಿದ್ದ ಆ ದಿನ ನಾನು ಮನೆಯಲ್ಲಿದ್ದೆನಲ್ಲ, ಹಿಡಿದುಕೊಳ್ಳಲು ಒಂದು ಕೈ ಸಿಕ್ಕಿತು. ಅಪ್ಪಾಜಿಯ ಬಸ್ಸು ಹೋದ ಮೇಲೆ ಹರಳೆಣ್ಣೆ ಬೆಚ್ಚಗೆ ಮಾಡಿ, ಬಚ್ಚಲಲ್ಲಿ ಮಣೆ ಹಾಕಿ ಕೂತು, ಸೀರೆಯನ್ನು ಮೊಣಕಾಲವರೆಗೆ ಸರಿಸಿ, ಕಾಲು ನೀಡಿ, ಬಾಣಂತಿಯ ಮನೆಯಲ್ಲಿ ಕೂಸನ್ನು ಮಲಗಿಸಿಕೊಳ್ಳುವಂತೆ ಆ ದಪ್ಪ ಮರಿಯನ್ನು ಎರಡು ಕಾಲಿನ ಮೇಲೆ ಅಡ್ಡ ಮಲಗಿಸಿಕೊಂಡಳು. ಎಣ್ಣೆ ನೀವುವಾಗ ಅವನು ಸುಖವಾಗಿಯೇ ಇದ್ದ. ಚಳಿಗಾಲದಲ್ಲಿ ಹೀಗೆ ಒಂದೆರಡು ಸಲ ಬೆಚ್ಚನೆಯ ನೀರು ಹಾಕಿದ್ದುಂಟು. ಆದರೆ ಅಂದು ಹಂಡೆಯ ನೀರು ಎಂದಿಗಿಂತ ಹೆಚ್ಚು ಕಾದಿತ್ತು, ಹೊರಗೆ ಆಗಲೇ ದಾವಣಗೆರೆಯ ಬಿಸಿಲು ಏರಿತ್ತು, ಮೂಲೆಯಲ್ಲಿ ಬಟ್ಟಲಿನ ಕೆಂಡದ ಮೇಲೆ ಲೋಬಾನ, ಓಮ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ತಯಾರಾಗಿತ್ತು. ನನಗೆ ಕೊನೆಯ ಪ್ಯಾರಾ ನೆನಪಿತ್ತು. ಟೈಪಿನ ಮಸಿ ಎಲ್ಲಿ ಹರಡಿದೆ ಎಂಬುದೂ ನೆನಪಿತ್ತು. ಹೇಳಿದರೆ ಹಾಳೆ ತೋರಿಸಬೇಕು. ಹಾಳೆ ತೋರಿಸಿದರೆ ಗುತ್ತೂರು.

"ಬಿಸಿ ಜಾಸ್ತಿ ಆಯ್ತೇನೋ ಅಜ್ಜಿ," ಎಂದೆ. ಅಷ್ಟು ಮಾತ್ರ.

"ಕೂಸುಗಳು ಮೊದ್ಲು ಅಳ್ತಾವೆ, ಆಮೇಲೆ ಕಣ್ಣು ತುಂಬ ನಿದ್ದೆ ಮಾಡ್ತಾವೆ. ನಿಮ್ಮಪ್ಪಗೂ ಹಿಂಗೇ ಹಾಕೀನಿ, ಗಟ್ಟಿ ಹಿಡ್ಕ."

ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಚೊಂಬಿನ ಮೇಲೆ ಚೊಂಬು ನೀರು ಬಿತ್ತು. ಆಮೇಲೆ ಕಂಬಳಿ ಹೊದಿಸಿ ಹೊಗೆಯ ಮುಂದೆ ಹಿಡಿದೆವು. ಅವನ ಉಸಿರು ಮೊದಲು ಗರಗಸದಂತೆ ಕೇಳಿಸಿತು, ಆಮೇಲೆ ಆ ಸದ್ದಿನ ನಡುವೆ ಬಿಡುವು ಬರತೊಡಗಿತು. ಕಂಬಳಿ ತೆಗೆದಾಗ ನಾಲಿಗೆ ನೇರಳೆಹಣ್ಣು ತಿಂದವರ ನಾಲಿಗೆಯ ಬಣ್ಣಕ್ಕೆ ತಿರುಗಿತ್ತು. ನಾಲ್ಕೂ ಕಾಲು ನಾಲ್ಕು ಕಡೆ ಚೆಲ್ಲಿ, ಹೊಟ್ಟೆಯ ಮೇಲೆ ಕುಸಿದ. ಅಜ್ಜಿ ಶಿವನೇ ಎಂದು ಇನ್ನಷ್ಟು ಹೊಗೆ ಹಾಕಲು ಕೈ ಚಾಚಿದಳು. ಉಸಿರು ಕಟ್ಟಿದ ಕೂಸಿಗೆ ಅವಳಿಗೆ ಗೊತ್ತಿದ್ದ ಮದ್ದು ಅದೇ. ನಾನು ಕೆಂಡದ ಬಟ್ಟಲನ್ನು ಕಾಲಿನಿಂದ ಒದ್ದು, ಅವನ ಎರಡು ಮುಂಗಾಲು ಹಿಡಿದು ಬಚ್ಚಲಿನಿಂದ ಹೊರಗೆ ಎಳೆದೆ. ನಿಂಬೆಗಿಡದ ಕೆಳಗಿನ ಕಲ್ಲುತೊಟ್ಟಿಯ ನೀರನ್ನು ಅವನ ಹೊಟ್ಟೆಗೆ, ತೊಡೆಯ ಸಂದಿಗೆ ಹಾಕಿದೆ. ಮಷೀನು ಬಿಟ್ಟು ಓಡಿಬಂದ ಅಮ್ಮನಿಗೆ ಗೋಣಿಚೀಲ ನೆನೆಸಿ ತರಲು ಹೇಳಿದೆ, ಅಜ್ಜಿಗೆ ಮೊರ ತಂದು ಬೀಸಲು ಹೇಳಿದೆ. ಮನೆಯ ದೊಡ್ಡವರಿಗೆ ನಾನು ಆಜ್ಞೆ ಮಾಡಿದ್ದು, ಅವರು ಮರುಮಾತಿಲ್ಲದೆ ಮಾಡಿದ್ದು ಅದೊಂದೇ ಸಲ. ಎಷ್ಟು ಹೊತ್ತೋ ತಿಳಿಯದು. ಸೂಜಿ ಚುಚ್ಚದಂತೆ ಅಮ್ಮ ಬೆರಳಿಗೆ ತೊಡುತ್ತಿದ್ದ ಅಂಗುಸ್ತಾನ ತೊಟ್ಟಿಯ ತಳದಲ್ಲಿ ಬಿದ್ದು ಹೊಳೆಯುತ್ತಿದ್ದುದು ಮಾತ್ರ ನೆನಪಿದೆ. ಕೊನೆಗೆ ಅವನು ಒಂದಿಷ್ಟು ನೊರೆ ಕಾರಿದ. ಉಸಿರಿನ ನಡುವಿನ ಬಿಡುವು ಮಾಯವಾಗಿ, ಹಳೆಯ ಗೊರಗೊರ ಸದ್ದು ಮರಳಿ ಬಂತು. ಅಜ್ಜಿ ಮೊರ ಕೆಳಗಿಟ್ಟಳು. ಅವಳ ಕೈಗಳಲ್ಲಿ ಇನ್ನೂ ಎಣ್ಣೆ ಇತ್ತು.

"ಹೊಟ್ಟೆಗೆ ನೀರು ಹಾಕಬೇಕಂತ ನಿಂಗೆ ಯಾರು ಹೇಳಿದ್ರು?"

"ಬರದೈತೆ."

"ಎಲ್ಲಿ?"

"ಎರಡನೇ ಹಾಳ್ಯಾಗೆ."

"ಅವರಜ್ಜನ ಹೆಸರು ಇರೋ ಹಾಳ್ಯಾಗೇನು?"

ಅಜ್ಜಿ ಸೆರಗಿನಿಂದ ಮರಿಯ ಮೂಗಿನ ಮಡಿಕೆ ಒರೆಸಿದಳು. ನಾನು ನಿತ್ಯ ಒರೆಸುವ ಕ್ರಮದಲ್ಲೇ ಒರೆಸಿದಳು, ಮೊದಲು ಮೂಗು, ಆಮೇಲೆ ಕಣ್ಣ ಕೆಳಗೆ. ಅವಳು ಅದನ್ನು ಎಲ್ಲಿ ಅಭ್ಯಾಸ ಮಾಡಿದ್ದಳೆಂದು ನಾನು ಆಗ ಯೋಚಿಸಲಿಲ್ಲ.

"ಸಂಜಿಗೆ ನಿಮ್ಮಪ್ಪ ಬರ್ಲಿ. ಅವನ ಮುಂದೇ ಓದು. ಪೂರ್ತಿ ಓದು," ಎಂದಳು.

ಆ ಮಧ್ಯಾಹ್ನ ನಾನು ನಿಂಬೆಗಿಡದ ಕೆಳಗಿನಿಂದ ಏಳಲಿಲ್ಲ. ಮೇಜರಪ್ಪ ಒದ್ದೆ ಗೋಣಿಯ ಮೇಲೆ ಮಲಗಿದ್ದ. ಪಕ್ಕೆ ಏಳುವುದು, ಇಳಿಯುವುದು ನೋಡುತ್ತ ಕೂತಿದ್ದೆ. ಅಮ್ಮ ತಟ್ಟೆಯಲ್ಲಿ ರೊಟ್ಟಿ ಪಲ್ಯ ತಂದಿಟ್ಟು ಹೋದಳು. ಅಜ್ಜಿ ಊಟ ಮಾಡಲಿಲ್ಲ. ಎರಡು ಸಲ ಹಿತ್ತಲಿಗೆ ಬಂದು, ಗೋಡೆಯ ತನಕ ನಡೆದು, ನನ್ನನ್ನು ನೋಡಿ, ಒಣಗದ ಬಟ್ಟೆಯನ್ನು ಹಗ್ಗದ ಮೇಲೆ ತಿರುವಿ ಹಾಕಿ ಒಳಗೆ ಹೋದಳು. ಗೋಡೆಯಾಚೆ ಖುರ್ಷಿದಮ್ಮ ಬೆಳಗ್ಗೆಯೆಲ್ಲ ಭಟ್ಟಿಯಲ್ಲಿದ್ದು, ಮಧ್ಯಾಹ್ನ ಬಂದು ಒಲೆ ಹಚ್ಚುವವರು. ಅವರ ಅಡುಗೆಯ ಮಸಾಲೆಯ ವಾಸನೆ ಬಂತು. ಮರಿ ತಲೆ ಎತ್ತಿ ಗೋಡೆಯ ಕೆಳಗೆ ನೀರು ಹೋಗಲು ಬಿಟ್ಟಿದ್ದ ಕಂಡಿಯ ಕಡೆ ನೋಡಿತು, ಏಳಲಾರದೆ ಮತ್ತೆ ಮಲಗಿತು. ನಾನು ಅದನ್ನು ಒಳ್ಳೆಯ ಲಕ್ಷಣವೆಂದುಕೊಂಡೆ.

ಸಂಜೆ ಅಪ್ಪಾಜಿ ಕೈಕಾಲು ತೊಳೆದು, ಚಹಾ ಕುಡಿದು, ಬೆಳಗಿನ ಸಂಗತಿಯನ್ನು ಅಮ್ಮನಿಂದ ಕೇಳಿದರು. ಮರಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಅದರ ಕಿವಿ ಮುಟ್ಟಿ ನೋಡಿದರು. ಹಿತ್ತಲ ಜಗಲಿಯ ಮೇಲೆ ಎಲ್ಲರೂ ಕೂತ ಮೇಲೆ ನಾನು ಪುಸ್ತಕದ ರಟ್ಟಿನಿಂದ ಹಾಳೆ ತೆಗೆದು ಓದಿದೆ. ಸಣ್ಣಗೆ ಕೊಚ್ಚಿದ ಕುರಿಮಾಂಸ ಎಂದು ಹೇಳುವಾಗ ನನ್ನ ದನಿ ಶಾಲೆಯಲ್ಲಿರುವಷ್ಟೇ ಸ್ಪಷ್ಟವಾಗಿತ್ತು. ಮೊಟ್ಟೆಯನ್ನೂ ಸಾರನ್ನೂ ಹೇಳಿದೆ. ಬಿಸಿನೀರು, ಹೊಗೆಯ ಸಾಲುಗಳು ಬಂದಾಗ ಅಜ್ಜಿ ತನ್ನ ಅಂಗೈ ನೋಡಿಕೊಂಡಳು. ಮುಗಿದ ಮೇಲೆ ಅಪ್ಪಾಜಿ ಹಾಳೆಯನ್ನು ಇಸಿದುಕೊಂಡು, ಓದಲು ಬಾರದಿದ್ದರೂ ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಓದಾಕೆ ಬರದೋರ ಮುಂದೆ ಹಿಂಗೆ ಓದಬಾರದವ್ವ," ಎಂದರು.

ಬೈದಿದ್ದರೆ ಇಷ್ಟು ಕಾಲ ನೆನಪಿರುತ್ತಿರಲಿಲ್ಲವೇನೋ. ನಾನು ತಲೆ ತಗ್ಗಿಸಿ ಫ್ರಾಕಿನ ಅಂಚಿನ ಮೇಲೆ ಒಣಗಿದ ಅಂಬಲಿಯನ್ನು ಉಗುರಿನಿಂದ ಕೆರೆದೆ. ನಾಯಿಯದು ತಪ್ಪೇನಿಲ್ಲ, ಆದರೆ ಅದು ತಿನ್ನಬೇಕಾದದ್ದು ನಮ್ಮ ಮನೆಯಲ್ಲಿ ಸಿಗುವಂಥದ್ದಲ್ಲ, ನಾಳೆ ಬುಟ್ಟಿಯಲ್ಲಿ ಹಾಕಿಕೊಂಡು ಹೋಗಿ ಗುತ್ತೂರಿಗೆ ಬಿಟ್ಟು ಬರುತ್ತೇನೆ ಎಂದು ಅಪ್ಪಾಜಿ ಗೋಡೆಯ ಕಡೆ ನೋಡುತ್ತ ಹೇಳಿದರು. ಮೋಸಂಬಿಯ ಬುಟ್ಟಿ ಜಗಲಿಯ ಮೂಲೆಯಲ್ಲೇ ಇತ್ತು. ಅದರಲ್ಲಿ ಈಗ ಅವನ ತಲೆಯಷ್ಟೇ ಹಿಡಿಯುತ್ತಿತ್ತು. ನಾವೆಲ್ಲರೂ ಬುಟ್ಟಿಯನ್ನು ನೋಡಿದೆವು, ಮರಿಯನ್ನು ನೋಡಿದೆವು. ಅಮ್ಮ ನಮ್ಮ ಮನೆಯಲ್ಲಿ ಹೆಚ್ಚು ಮಾತಾಡುವವಳಲ್ಲ; ಅಂದು ಅವಳೇ ಬಾಯಿ ತೆರೆದಳು.

"ಮಾಂಸ ಇಲ್ದಂಗೇ ಇಷ್ಟು ಬೆಳದೈತಲ್ರಿ. ಹಾಳ್ಯಾಗೆ ಬರದಿದ್ದೆಲ್ಲ ಬೇಕೇ ಬೇಕು ಅಂತ ಏನೈತೆ?"

ಅಪ್ಪಾಜಿ ಯೋಚಿಸಿದರು. ಮೇಜರಪ್ಪನ ಕತ್ತು, ಎದೆ, ತೊಡೆಗಳ ಮೇಲೆ ಅವರ ಕಣ್ಣು ಲೇತಿನ ಮೇಲಿನ ತುಂಡನ್ನು ಅಳೆಯುವಾಗಿನಂತೆ ನಿಧಾನವಾಗಿ ಹೋಯಿತು. ಕಾರ್ಖಾನೆಯಲ್ಲಿ ತಾವು ಆಡಿದ ಮಾತೆಲ್ಲ ಅವರಿಗೆ ನೆನಪಾಗಿರಬೇಕು.

"ಅದೂ ಹೌದು," ಎಂದರು. "ಬರೀ ಅಂಬಲ್ಯಾಗೇ ಬೆಳದೈತೆ."

ಅಜ್ಜಿ ಆ ಹೊತ್ತಿಗೆ ದೀಪದ ಬತ್ತಿ ಹೊಸೆಯಲು ಶುರುಮಾಡಿದ್ದಳು. ಹೊಸೆದ ಬತ್ತಿಯನ್ನೇ ಬಿಚ್ಚಿ ಮತ್ತೆ ಹೊಸೆಯುತ್ತಿದ್ದಳು. ಗೋಡೆಯಾಚೆ ಹಗ್ಗದಿಂದ ಬಟ್ಟೆ ತೆಗೆಯುವ ಸದ್ದಾಯಿತು. ಖುರ್ಷಿದಮ್ಮನವರ ತಲೆ ಗೋಡೆಯ ಮೇಲೆ ಕಾಣಿಸಿತು. ಒಣಗಿದ ದುಪಟ್ಟಾವನ್ನು ಹೆಗಲಿಗೆ ಹಾಕಿಕೊಳ್ಳುತ್ತ, ಬಾಯಲ್ಲಿದ್ದ ಬಟ್ಟೆಯ ಕ್ಲಿಪ್ಪನ್ನು ಕೈಗೆ ತೆಗೆದುಕೊಂಡು, ನಮ್ಮ ಕಡೆ ಸರಿಯಾಗಿ ನೋಡದೆಯೇ ಹೇಳಿದರು.

"ದೊಡ್ಡಮ್ಮಾರೆ, ನಿಮ್ಮ ಮೇಜರಪ್ಪ ಇವತ್ತು ಊಟಕ್ಕೆ ಬರ್ಲೇ ಇಲ್ಲಲ್ರಿ. ಅವನ ಪಾಲಿನ ಕುರಿ ಖೀಮಾ ಮುಚ್ಚಿಟ್ಟೀನಿ, ಬೆಕ್ಕು ಆಗ್ಲಿಂದ ಕಾಯ್ಕಂಡು ಕುಂತೈತೆ."